ಯುಕೆ ಆಸ್ಪತ್ರೆಯಲ್ಲಿರುವವರು ಸ್ವಲ್ಪ ಓದಿ: ದೂರು ಕೊಟ್ಟ ಮೇಲೆ ಕಾಟ ಜಾಸ್ತಿ ಆಗಿದೆ

ಹಾಸನದ_ಹುಡುಗಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿ, ಅಲ್ಲೇ ಐಸಿಯುನಲ್ಲಿ ಕೆಲಸ ಮಾಡಿ, ಓಸ್ಕಿ (ಇಲ್ಲಿ ನರ್ಸ್ ನೋಂದಣಿಗೆ ಬೇಕಾದ ಪ್ರಾಯೋಗಿಕ ಪರೀಕ್ಷೆ) ಪಾಸಾಗಿ ಈಗ ಉತ್ತರ ಇಂಗ್ಲೆಂಡಿನ ಒಂದು ಆಸ್ಪತ್ರೆಯಲ್ಲಿ ಬ್ಯಾಂಡ್ 5 (ಸಂಬಳದ ದರ್ಜೆ) ನರ್ಸ್ ಆಗಿದ್ದೇನೆ. ಆಸ್ಪತ್ರೆ ಹೆಸರು ಬೇಡ.

ನಮ್ಮ ವಾರ್ಡಿನಲ್ಲಿ ಒಬ್ಬ ಸೀನಿಯರ್ ಸಿಸ್ಟರ್ ಇದ್ದಾರೆ. ಬೆಳಗಿನ ಹ್ಯಾಂಡೋವರ್‌ನಲ್ಲಿ ನಾನು ಪೇಷಂಟ್ ಬಗ್ಗೆ ಹೇಳುವಾಗ, 'ವಾಮಿಟಿಂಗ್' ಅಂದ ಕೂಡಲೇ ಅವರು ನನ್ನದೇ ರಾಗದಲ್ಲಿ ಅದನ್ನು ಮತ್ತೊಮ್ಮೆ ಹೇಳುತ್ತಾರೆ, ತಲೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿಕೊಂಡು. ಎಲ್ಲರೂ ನಗುತ್ತಾರೆ. ನಾನು ಕೈಯಲ್ಲಿ ಹ್ಯಾಂಡೋವರ್ ಶೀಟ್ ಹಿಡಿದು ನಗು ನಿಲ್ಲುವವರೆಗೆ ಕಾಯುತ್ತೇನೆ. ಒಂದು ಸಲ ಆ ಗಲಾಟೆಯಲ್ಲಿ ಪೊಟ್ಯಾಷಿಯಂ ರಿಸಲ್ಟ್ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಆಮೇಲೆ ಡಾಕ್ಟರು ಬಂದು ಕೇಳಿದಾಗ ಬೈಸಿಕೊಂಡದ್ದು ನಾನು.

ವಾರ್ಡ್ ಮ್ಯಾನೇಜರ್‌ಗೆ ಇಮೇಲ್ ಮಾಡಿದೆ. ಅಲ್ಲಿಂದ ಶುರುವಾಯಿತು ನೋಡಿ. ರೋಟಾದಲ್ಲಿ (ಡ್ಯೂಟಿ ಪಟ್ಟಿಯಲ್ಲಿ) ಬರೀ ನೈಟ್. ಐವಿ ಟ್ರೈನಿಂಗಿಗೆ ಹೆಸರು ಇತ್ತು, ತೆಗೆದರು. ಈಗ ನನ್ನ ಕೆಲಸದ ಮೇಲೆ 'ಕನ್ಸರ್ನ್ಸ್' ಇದೆ, ಪರ್ಫಾರ್ಮೆನ್ಸ್ ಪ್ಲಾನ್ (ಕೆಲಸ ಸುಧಾರಿಸಿಕೊಳ್ಳಿ ಅಂತ ನಿಗಾ ಇಡುವ ಕ್ರಮ) ಹಾಕುತ್ತೇವೆ ಅನ್ನುತ್ತಿದ್ದಾರೆ. ಇಮೇಲ್ ಮಾಡುವವರೆಗೂ ಯಾರೂ ಒಂದು ಮಾತು ಅಂದಿರಲಿಲ್ಲ. ಎಚ್‌ಆರ್ ಕೇಳಿದರೆ ಇಬ್ಬರಿಗೂ ಹೊಂದಾಣಿಕೆ ಇಲ್ಲ ಅಷ್ಟೇ ಅಂತಾರೆ. ಏನು ಮಾಡಲಿ?

ಬರ್ಮಿಂಗ್‌ಹ್ಯಾಂ_ಭಟ್ಟ

ತಂಗಿ, ಬೇಜಾರು ಮಾಡ್ಕೋಬೇಡ. ಸ್ಪಾನ್ಸರ್‌ಶಿಪ್ ಮೇಲೆ ಇರುವವರು ತಲೆ ತಗ್ಗಿಸಿಕೊಂಡು ಹೋಗೋದೇ ಒಳ್ಳೆಯದು. ಐಎಲ್‌ಆರ್ (ಇಲ್ಲಿ ಕಾಯಂ ಇರುವ ಅನುಮತಿ) ಬರಲಿ, ಆಮೇಲೆ ಬೇಕಾದ್ದು ಮಾಡು. ನೀರಿನಲ್ಲಿದ್ದು ಮೊಸಳೆ ಜೊತೆ ಜಗಳ ಆಗಲ್ಲ. ಸುಮ್ನೆ ಬೇರೆ ವಾರ್ಡಿಗೆ ಟ್ರಾನ್ಸ್‌ಫರ್ ಕೇಳು.

ಕರಾವಳಿ_ಸಿಸ್ಟರ್

ಭಟ್ರೇ, ಟ್ರಾನ್ಸ್‌ಫರ್ ಕೇಳಬೇಕಾದ್ದು ಅಣಕಿಸಿದವರೋ, ಅಣಕಿಸಿಕೊಂಡವಳೋ? ನಾನು ಮಂಗಳೂರಿನವಳು, ಈ ದೇಶಕ್ಕೆ ಬಂದು ತುಂಬಾ ವರ್ಷ ಆಯಿತು, ಈಗ ಬ್ಯಾಂಡ್ 7. ನಾನು ಬಂದಾಗ ಸ್ಟಾಫ್ ರೂಮಿನ ಮೈಕ್ರೋವೇವ್ ಮೇಲೆ ಒಂದು ಚೀಟಿ ಅಂಟಿಸಿದ್ದರು, 'ಕರಿ' ಬಿಸಿ ಮಾಡಬೇಡಿ ಅಂತ. ಅದೇ ಮೈಕ್ರೋವೇವಿನಲ್ಲಿ ಅವರು ಮೀನು ಬಿಸಿ ಮಾಡುತ್ತಿದ್ದರು. ನಾವು ಮೂರು ಜನ ಕೇರಳ, ಕರಾವಳಿಯವರು ಹೊರಗೆ ಕಾರಿನಲ್ಲಿ ಕೂತು ತಣ್ಣಗಿನ ಅನ್ನ ತಿನ್ನುತ್ತಿದ್ದೆವು. ತಲೆ ತಗ್ಗಿಸಿದ್ದಕ್ಕೆ ಯಾರೂ ಚೀಟಿ ತೆಗೆಯಲಿಲ್ಲ. ಒಬ್ಬ ಫಿಲಿಪೀನ್ಸ್ ಹುಡುಗಿ ಫೋಟೋ ತೆಗೆದು ಮೇಟ್ರನ್‌ಗೆ ಕಳಿಸಿದಳು, ಮಾರನೇ ದಿನ ಚೀಟಿ ಮಾಯ.

ಹಾಸನದ ಹುಡುಗಿ, ಮೊದಲು ಒಂದು ಹೇಳು. ಆ ಇಮೇಲ್‌ನಲ್ಲಿ ಏನು ಬರೆದಿದ್ದೆ? ಸರಿಯಾಗಿ ಯಾವ ಪದ ಬಳಸಿದ್ದೆ?

ಹಾಸನದ_ಹುಡುಗಿ

ಅಕ್ಕ, ಜಗಳ ಬೇಡ ಅಂತ ಮೆತ್ತಗೆ ಬರೆದೆ. ಸಿಸ್ಟರ್ ನನ್ನ ಜೊತೆ ಸರಿಯಾಗಿ ನಡೆದುಕೊಳ್ಳುತ್ತಿಲ್ಲ, ಇದು ಬುಲ್ಲಿಯಿಂಗ್ ಅನ್ನಿಸುತ್ತದೆ, ದಯವಿಟ್ಟು ನೋಡಿ ಅಂತ. ರೇಸ್ ಅಂತ ಎಲ್ಲೂ ಬರೆದಿಲ್ಲ. ಅದನ್ನು ಬರೆದರೆ ದೊಡ್ಡದಾಗುತ್ತದೆ ಅಂತ ಹೆದರಿದೆ.

ಹಳೇ_ರೆಪ್

ಇಲ್ಲೇ ಇರುವುದು ವಿಷಯ. ನಾನು ಯೂನಿಯನ್ ರೆಪ್ (ಪ್ರತಿನಿಧಿ) ಆಗಿದ್ದವನು, ಈಗ ರಿಟೈರ್ಡ್. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಇಲ್ಲಿನ ಕಾನೂನು ಈಕ್ವಾಲಿಟಿ ಆಕ್ಟ್ 2010. ಅದರಲ್ಲಿ ರೇಸ್ ಅಂದರೆ ಬರೀ ಚರ್ಮದ ಬಣ್ಣ ಅಲ್ಲ. ರಾಷ್ಟ್ರೀಯತೆ, ಜನಾಂಗೀಯ ಮೂಲ, ರಾಷ್ಟ್ರೀಯ ಮೂಲ ಎಲ್ಲವೂ ಸೇರಿದೆ. ಸೆಕ್ಷನ್ 26 ಹ್ಯಾರಾಸ್‌ಮೆಂಟ್ ಬಗ್ಗೆ. ನಿಮಗೆ ಬೇಡವಾದ ನಡವಳಿಕೆ, ಅದಕ್ಕೂ ರೇಸಿಗೂ ಸಂಬಂಧ ಇರಬೇಕು, ಅದರಿಂದ ನಿಮ್ಮ ಮರ್ಯಾದೆ ಹೋಗಬೇಕು ಅಥವಾ ಕೆಲಸದ ಜಾಗ ಅವಮಾನದ ಜಾಗ ಆಗಬೇಕು. 'ತಮಾಷೆಗೆ ಮಾಡಿದ್ದು' ಅಂದ ಮಾತ್ರಕ್ಕೆ ತಪ್ಪಿಸಿಕೊಳ್ಳಲು ಆಗಲ್ಲ. ಉದ್ದೇಶ ಇಲ್ಲದಿದ್ದರೂ ಪರಿಣಾಮ ಸಾಕು. ಆ ನಡವಳಿಕೆಯಿಂದ ಹಾಗೆ ಅನ್ನಿಸುವುದು ಸಮಂಜಸವೇ ಅಂತಲೂ ಟ್ರಿಬ್ಯೂನಲ್ (ಉದ್ಯೋಗದ ಕೇಸು ನೋಡುವ ನ್ಯಾಯಮಂಡಳಿ) ನೋಡುತ್ತದೆ.

ಉಚ್ಚಾರಣೆ ಬಗ್ಗೆ ಹೊಸ ತೀರ್ಪೂ ಇದೆ. 2024ರಲ್ಲಿ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ಬ್ರೆಜಿಲ್ ಮೂಲದ ಉದ್ಯೋಗಿಯೊಬ್ಬರ ಕೇಸ್ ಅಪೀಲ್ ಟ್ರಿಬ್ಯೂನಲ್‌ಗೆ ಹೋಗಿತ್ತು. ಉಚ್ಚಾರಣೆ ಟೀಕಿಸಿದವರ ಮನಸ್ಸಿನಲ್ಲಿ ರೇಸ್ ಇರಲೇಬೇಕು ಅಂತೇನಿಲ್ಲ, ಉಚ್ಚಾರಣೆ ಒಬ್ಬರ ಮೂಲದ ಭಾಗವೇ ಆಗಿರಬಹುದು ಅಂತ ಅಲ್ಲಿ ಹೇಳಿದರು. ಕೇಸನ್ನು ಮತ್ತೆ ವಿಚಾರಣೆಗೆ ಕಳಿಸಿದರು.

ಇನ್ನು ಸೆಕ್ಷನ್ 27, ವಿಕ್ಟಿಮೈಸೇಷನ್. ತಾರತಮ್ಯದ ಬಗ್ಗೆ ದೂರು ಕೊಟ್ಟದ್ದಕ್ಕೆ, ಅಥವಾ ಇನ್ನೊಬ್ಬರ ಕೇಸಿನಲ್ಲಿ ಸಾಕ್ಷಿ ಹೇಳಿದ್ದಕ್ಕೆ ಸೇಡು ತೀರಿಸಿಕೊಳ್ಳುವುದು. ರೋಟಾ ಕೆಡಿಸುವುದು, ಟ್ರೈನಿಂಗ್ ಕಿತ್ತುಕೊಳ್ಳುವುದು, ಕೆಟ್ಟ ರೆಫರೆನ್ಸ್ ಕೊಡುವುದು ಎಲ್ಲ ಇದರಲ್ಲಿ ಬರುತ್ತದೆ. ನನ್ನ ಅನುಭವದಲ್ಲಿ ಮೊದಲನೇ ಅವಮಾನವನ್ನು ಸಾಬೀತು ಮಾಡುವುದು ಕಷ್ಟ. ಆಮೇಲಿನ ಸೇಡನ್ನು ಸಾಬೀತು ಮಾಡುವುದು ಅದಕ್ಕಿಂತ ಸುಲಭ. ಅಣಕಿಸಿದ್ದು ಗಾಳಿಯಲ್ಲಿ ಹೋಯಿತು, ರೋಟಾ ಕಾಗದದಲ್ಲಿ ಇರುತ್ತದೆ. ದೂರಿನ ತಾರೀಖು ಒಂದು ಕಡೆ, 'ಕನ್ಸರ್ನ್ಸ್' ಶುರುವಾದ ತಾರೀಖು ಇನ್ನೊಂದು ಕಡೆ ಇಟ್ಟರೆ ಜಡ್ಜ್ ಕೇಳುವ ಮೊದಲ ಪ್ರಶ್ನೆಯೇ ಅದು.

ಆದರೆ ಒಂದು ಕೊಕ್ಕೆ ಇದೆ. ನಿಮ್ಮ ದೂರು ರೇಸ್ ಬಗ್ಗೆ ಅಂತ ಅವರಿಗೆ ಅರ್ಥ ಆಗುವಂತಿರಬೇಕು. 2013ರಲ್ಲಿ ಲಂಡನ್ನಿನ ಈಲಿಂಗ್ ಕೌನ್ಸಿಲ್ ವಿರುದ್ಧದ ಒಂದು ಕೇಸಿನಲ್ಲಿ ಉದ್ಯೋಗಿ ಅನ್ಯಾಯ ಆಗಿದೆ ಅಂತ ದೂರಿದ್ದರು, ಅದು ತನ್ನ ರೇಸ್‌ನಿಂದ ಅಂತ ಹೇಳಿರಲಿಲ್ಲ. ಅದು ಕಾನೂನು ಕಾಪಾಡುವ ದೂರೇ ಅಲ್ಲ ಅಂತಾಯಿತು. ಬುಲ್ಲಿಯಿಂಗ್ ಅನ್ನುವ ಒಂದೇ ಪದದ ಮೇಲೆ ಸೆಕ್ಷನ್ 27 ನಿಲ್ಲಲ್ಲ.

ಹಾಸನದ_ಹುಡುಗಿ

ಸರ್, ಹಾಗಾದರೆ ಎಲ್ಲ ಹೋಯಿತಾ?

ಹಳೇ_ರೆಪ್

ಇಲ್ಲಮ್ಮ. ಇವತ್ತೇ ಇನ್ನೊಂದು ಬರೆಯಿರಿ. ಫಾರ್ಮಲ್ ಗ್ರೀವನ್ಸ್ (ಅಧಿಕೃತ ದೂರು) ಅಂತ ಮೇಲೆ ಹಾಕಿ. 'ನನ್ನ ಹಿಂದಿನ ಇಮೇಲ್‌ನಲ್ಲಿ ಹೇಳಿದ ಘಟನೆಗಳು ನನ್ನ ಭಾರತೀಯ ಮೂಲಕ್ಕೆ ಸಂಬಂಧಿಸಿದ ಕಿರುಕುಳ, ಇದು ಈಕ್ವಾಲಿಟಿ ಆಕ್ಟ್ ಪ್ರಕಾರ ತಪ್ಪು ಅಂತ ನಾನು ನಂಬುತ್ತೇನೆ' ಅನ್ನುವ ಒಂದು ವಾಕ್ಯ ಮೊದಲ ಪ್ಯಾರಾದಲ್ಲೇ ಇರಲಿ. ಆಮೇಲೆ ತಾರೀಖು, ಸಮಯ, ಯಾರು ಇದ್ದರು, ಸಿಸ್ಟರ್ ಏನಂದರು ಅಂತ ಅವರದೇ ಪದಗಳಲ್ಲಿ. ಕೋಪದ ವಿಶೇಷಣ ಬೇಡ. ತಲೆ ಅಲ್ಲಾಡಿಸಿದ್ದನ್ನು ಖಂಡಿತ ಬರೆಯಿರಿ. ಅದು ಭಾರತೀಯರನ್ನೇ ಅಣಕಿಸುವುದು ಅಂತ ಎಂಥವರಿಗೂ ಗೊತ್ತಾಗುತ್ತದೆ. ಈ ಕಾಗದ ಹೋದ ಮೇಲೆ ಅದಕ್ಕೆ ಸೇಡಾಗಿ ಅವರು ಮಾಡುವ ಪ್ರತಿಯೊಂದಕ್ಕೂ ಸೆಕ್ಷನ್ 27 ಕಾವಲು ಇರುತ್ತದೆ. ಪ್ಲಾನ್ ಇನ್ನೂ ಹಾಕಿಲ್ಲ ಅಲ್ವಾ, ಅದಕ್ಕೇ ಇವತ್ತೇ ಅಂದದ್ದು.

ಟ್ರಿಬ್ಯೂನಲ್‌ಗೆ ಹೋಗುವ ಗಡುವು ಮರೆಯಬೇಡಿ. ಘಟನೆ ನಡೆದ ದಿನದಿಂದ 3 ತಿಂಗಳಿಗೆ ಒಂದು ದಿನ ಕಡಿಮೆ. ಮಾರ್ಚ್ 10ಕ್ಕೆ ಆಗಿದ್ದರೆ ಜೂನ್ 9 ಕೊನೆ. ಅಷ್ಟರಲ್ಲಿ ಏಕಾಸ್‌ಗೆ (ಉದ್ಯೋಗದ ಜಗಳಗಳಲ್ಲಿ ರಾಜಿ ಮಾಡಿಸುವ ಸಂಸ್ಥೆ) ತಿಳಿಸಿ ಅರ್ಲಿ ಕನ್ಸಿಲಿಯೇಷನ್ (ಕೇಸಿಗೆ ಮುಂಚಿನ ರಾಜಿ ಮಾತುಕತೆ) ಶುರು ಮಾಡಬೇಕು. ಅದು ನಡೆಯುತ್ತಿರುವಾಗ ಗಡಿಯಾರ ನಿಲ್ಲುತ್ತದೆ. ಆಸ್ಪತ್ರೆಯೊಳಗಿನ ಗ್ರೀವನ್ಸ್ ನಡೆಯುತ್ತಿದೆ ಅಂದರೆ ಗಡಿಯಾರ ನಿಲ್ಲಲ್ಲ. ಗಡುವನ್ನು ಹೆಚ್ಚಿಸುವ ಮಾತು ಇದೆ, ಅದನ್ನು ನಂಬಿಕೊಂಡು ಕೂರಬೇಡಿ, 3 ಅಂತಲೇ ಲೆಕ್ಕ ಹಾಕಿ.

ನಾಟಿಂಗ್‌ಹ್ಯಾಂ_ನಂಜಪ್ಪ

ಮೇಲಿನ ಮಾತಿಗೆ ನನ್ನ ಹೆಂಡತಿಯೇ ಸಾಕ್ಷಿ. ಫಿಸಿಯೋ ಅವರು. ಎಚ್‌ಆರ್‌ನವರು 'ನೋಡುತ್ತಿದ್ದೇವೆ, ನೋಡುತ್ತಿದ್ದೇವೆ' ಅಂತ ಎಳೆದರು. ತನಿಖೆ ಮಾಡುವವರು ರಜೆ, ಆಮೇಲೆ ಬೇರೆಯವರು, ಆಮೇಲೆ ಅವರಿಗೂ ರಜೆ. ಗ್ರೀವನ್ಸ್ ಫಲಿತಾಂಶ ಬಂದಾಗ 3 ತಿಂಗಳು ಎಂದೋ ಮುಗಿದಿತ್ತು. ತಡವಾದದ್ದಕ್ಕೆ ನ್ಯಾಯವಾದ ಕಾರಣ ಇದ್ದರೆ ಟ್ರಿಬ್ಯೂನಲ್ ಒಪ್ಪಬಹುದು ಅಂತ ವಕೀಲರು ಹೇಳಿದರು. ಒಪ್ಪಲಿಲ್ಲ. ಕೇಸಿನಲ್ಲಿ ಹುರುಳಿತ್ತೋ ಇಲ್ಲವೋ ಅನ್ನುವ ತನಕ ಹೋಗಲೇ ಇಲ್ಲ.

ಬೆಳಗಾವಿ_ಕುಂದಾ

ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ, ಬೈಯಬೇಡಿ. ಎಲ್ಲದಕ್ಕೂ ರೇಸ್ ಅಂದರೆ ಹೇಗೆ? ನಮ್ಮ ವಾರ್ಡಿನ ಸಿಸ್ಟರ್ ಒಬ್ಬರು ಬಿಳಿಯರಿಗೂ ಬೈಯುತ್ತಾರೆ, ಕರಿಯರಿಗೂ ಬೈಯುತ್ತಾರೆ. ಬಾಯಿ ಕೆಟ್ಟದ್ದು ಅಷ್ಟೇ. ಸ್ಕಾಟ್‌ಲೆಂಡಿನ ಹುಡುಗನ ಮಾತನ್ನೂ ಎಲ್ಲರೂ ಅಣಕಿಸುತ್ತಾರೆ.

ಹಳೇ_ರೆಪ್

ಕುಂದಾ ಅವರೇ, ಬೈಯಲು ಏನೂ ಇಲ್ಲ, ಆಸ್ಪತ್ರೆಯ ವಕೀಲರೂ ಇದನ್ನೇ ಕೇಳುತ್ತಾರೆ. ಎಲ್ಲರಿಗೂ ಒಂದೇ ಥರ ಬೈಯುವವರ ಮೇಲೆ ರೇಸ್ ಕೇಸ್ ನಿಲ್ಲಲ್ಲ, ನಿಜ. ಆದರೆ ಬೈಗುಳದ ಒಳಗೆ ಏನಿದೆ ನೋಡಬೇಕು. ಅಂದ ಹಾಗೆ ಸ್ಕಾಟ್‌ಲೆಂಡಿನ ಹುಡುಗನೂ ಬೇಕಾದರೆ ಕೇಸ್ ಹಾಕಬಹುದು, ನ್ಯಾಷನಲ್ ಒರಿಜಿನ್ ಅವನಿಗೂ ಇದೆ.

ಗೆರೆ ಎಲ್ಲಿ ಅನ್ನುವುದಕ್ಕೆ ನಮ್ಮವರದ್ದೇ ಒಂದು ಕೇಸ್ ಇದೆ. ಔಷಧ ಪ್ರಯೋಗ ನಡೆಸುವ ರಿಚ್ಮಂಡ್ ಫಾರ್ಮಕಾಲಜಿ ಅನ್ನುವ ಕಂಪನಿಯಲ್ಲಿ ಭಾರತೀಯ ಮೂಲದ ಢಲಿವಾಲ್ ಅನ್ನುವವರು ಕೆಲಸ ಬಿಡುವಾಗ, ಮುಂದೆ ಎಲ್ಲಾದರೂ ಸಿಗೋಣ, ನಿಮ್ಮನ್ನು ಭಾರತದಲ್ಲಿ ಮದುವೆ ಮಾಡಿ ಕೊಟ್ಟುಬಿಡದಿದ್ದರೆ, ಅನ್ನುವ ಅರ್ಥದಲ್ಲಿ ಮೇಲಿನವರು ಮಾತಾಡಿದರು. ಒಂದೇ ಮಾತು. ಅದೂ ಹ್ಯಾರಾಸ್‌ಮೆಂಟ್ ಅಂತ 2009ರಲ್ಲಿ ಅಪೀಲ್‌ನಲ್ಲೂ ನಿಂತಿತು. ಪರಿಹಾರ 1,000 ಪೌಂಡ್. ಅದೇ ತೀರ್ಪಿನಲ್ಲಿ, ಪ್ರತಿ ಸಣ್ಣ ಚುಚ್ಚುಮಾತನ್ನೂ ಕೋರ್ಟಿಗೆ ತರುವ ಸಂಸ್ಕೃತಿ ಬೇಡ ಅನ್ನುವ ಎಚ್ಚರಿಕೆಯೂ ಇದೆ. ಹಾಗಾಗಿ ನಿಮ್ಮ ಮಾತೂ ಪೂರ್ತಿ ತಪ್ಪಲ್ಲ.

ಬೆಳಗಾವಿ_ಕುಂದಾ

1,000 ಪೌಂಡಿಗೆ ಅಪೀಲ್ ತನಕ ಹೋದರಾ ದೇವರೇ.

ಕರಾವಳಿ_ಸಿಸ್ಟರ್

ಅಪೀಲ್ ಹೋದದ್ದು ಕಂಪನಿ 😄

ದುಡ್ಡಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಪೇಪರಿನಲ್ಲಿ ಬರುವ ದೊಡ್ಡ ಮೊತ್ತ ನೋಡಿ ಯಾರೂ ಕನಸು ಕಾಣಬೇಡಿ. ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಐಟಿ ಮ್ಯಾನೇಜರ್ ಆಗಿದ್ದ ರಿಚರ್ಡ್ ಹೇಸ್ಟಿಂಗ್ಸ್ ಅವರಿಗೆ 2019ರಲ್ಲಿ ಹತ್ತಿರ ಹತ್ತಿರ 10 ಲಕ್ಷ ಪೌಂಡ್ ಬಂತು. ಕಾರ್ ಪಾರ್ಕಿಂಗ್‌ನಲ್ಲಿ ಅವರಿಗೇ ರೇಸ್ ಹೆಸರಿನಲ್ಲಿ ಬೈದರು, ಕೊನೆಗೆ ಅವರನ್ನೇ ಕೆಲಸದಿಂದ ತೆಗೆದರು. ಕೆಲಸ, ಮುಂದಿನ ಸಂಬಳ, ಪಿಂಚಣಿ ಎಲ್ಲ ಹೋದದ್ದರ ಲೆಕ್ಕ ಅದು. ಮನಸ್ಸಿಗೆ ಆದ ನೋವಿಗೆ ಬೇರೆ ಲೆಕ್ಕ ಇದೆ, ವೆಂಟೋ ಬ್ಯಾಂಡ್ ಅನ್ನುತ್ತಾರೆ. 2025ರ ಏಪ್ರಿಲ್‌ನಿಂದ ಒಂದು ವರ್ಷದಲ್ಲಿ ಹಾಕಿದ ಕೇಸುಗಳಿಗೆ ಕೆಳಗಿನ ಬ್ಯಾಂಡ್ 1,200ರಿಂದ 12,100 ಪೌಂಡ್, ಮಧ್ಯದ್ದು 36,400ರವರೆಗೆ, ಮೇಲಿನದ್ದು 60,700ರವರೆಗೆ ಇತ್ತು. ಕೆಲಸದಲ್ಲೇ ಇದ್ದುಕೊಂಡು ಗೆದ್ದವರಿಗೆ ಇಷ್ಟರಲ್ಲೇ ಎಲ್ಲೋ ಸಿಗುತ್ತದೆ. ಎಷ್ಟೋ ಕೇಸು ತೀರ್ಪಿನ ತನಕ ಹೋಗಲ್ಲ, ಮಧ್ಯದಲ್ಲೇ ರಾಜಿ, ಬಾಯಿ ಮುಚ್ಚಿಕೊಂಡಿರಿ ಅನ್ನುವ ಷರತ್ತಿನ ಜೊತೆ.

ವಾರ್ಡ್_ಡಾಕ್ಟರು

ದಾವಣಗೆರೆಯವನು, ಇಲ್ಲಿ ರಿಜಿಸ್ಟ್ರಾರ್. ಡಾಕ್ಟರುಗಳ ಕತೆಯೂ ಬೇರೆ ಇಲ್ಲ. ನಮ್ಮ ಮೇಲೆ ದೂರು ಸೀದಾ ಜಿಎಂಸಿಗೆ (ಡಾಕ್ಟರುಗಳ ನೋಂದಣಿ, ನಿಯಂತ್ರಣ ಮಾಡುವ ಮಂಡಳಿ) ಹೋಗುತ್ತದೆ. 2019ರಲ್ಲಿ ಜಿಎಂಸಿಯೇ ಮಾಡಿಸಿದ ವರದಿಯಲ್ಲಿ ಬಂದ ವಿಷಯ: ಆಸ್ಪತ್ರೆಗಳು ಬಿಳಿಯ ಡಾಕ್ಟರುಗಳಿಗಿಂತ ಬೇರೆ ಜನಾಂಗದವರನ್ನು ಎರಡು ಪಟ್ಟಿಗೂ ಜಾಸ್ತಿ ಪ್ರಮಾಣದಲ್ಲಿ ಜಿಎಂಸಿಗೆ ಕಳಿಸುತ್ತಿವೆ. ಅದಕ್ಕೇ 'ಕನ್ಸರ್ನ್ಸ್' ಅನ್ನುವ ಪದ ಕೇಳಿದರೆ ಹೊಟ್ಟೆ ಕಲಸುತ್ತದೆ. ಬಿಳಿಯ ಟ್ರೈನಿ ತಪ್ಪು ಮಾಡಿದರೆ ಕಾಫಿ ಕುಡಿಯುತ್ತಾ ತಿದ್ದುತ್ತಾರೆ. ನಮಗೆ ಅದೇ ತಪ್ಪಿಗೆ ಕಾಗದ ಬರುತ್ತದೆ.

ಪೇಷಂಟುಗಳ ವಿಷಯ ಯಾರೂ ಎತ್ತಲಿಲ್ಲ. 'ನಿನ್ನಂಥವರು ಬೇಡ, ಬೇರೆ ಡಾಕ್ಟರ್ ಕಳಿಸು' ಅಂತ ಮುಖದ ಮೇಲೆ ಹೇಳಿಸಿಕೊಂಡಿದ್ದೇನೆ. 2020ರ ಏಪ್ರಿಲ್‌ನಿಂದ, ಪ್ರಾಣಕ್ಕೆ ಅಪಾಯ ಇಲ್ಲದ ಚಿಕಿತ್ಸೆಯಾದರೆ ರೇಸಿಸ್ಟ್ ಆಗಿ ನಡೆದುಕೊಳ್ಳುವ ಪೇಷಂಟಿಗೆ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಚಿಕಿತ್ಸೆ ನಿಲ್ಲಿಸಬಹುದು ಅಂತ ನಿಯಮ ಇದೆ. ನಮ್ಮಲ್ಲಿ ಅದನ್ನು ಬಳಸಿದ್ದು ನಾನು ನೋಡಿಲ್ಲ. ಕನ್ಸಲ್ಟೆಂಟ್ ಬಂದು 'ಪಾಪ, ವಯಸ್ಸಾದವರು' ಅನ್ನುತ್ತಾರೆ. 2024ರ ಆಗಸ್ಟ್ ಗಲಭೆ ಸಮಯದಲ್ಲಿ ಸಂಡರ್‌ಲೆಂಡ್‌ನಲ್ಲಿ ಡ್ಯೂಟಿಗೆ ಹೊರಟಿದ್ದ ಫಿಲಿಪೀನ್ಸ್ ನರ್ಸ್‌ಗಳ ಮೇಲೆ ಕಲ್ಲು ಬಿತ್ತು. ಆ ವಾರ ನಾವೆಲ್ಲ ಒಬ್ಬರ ಕಾರಿನಲ್ಲೇ ಒಟ್ಟಿಗೆ ಹೋಗಿ ಬಂದೆವು.

ಹಳೇ_ರೆಪ್

ಡಾಕ್ಟರೇ, ಪೇಷಂಟ್ ಬೈದದ್ದಕ್ಕೆ ಆಸ್ಪತ್ರೆಯನ್ನು ಹೊಣೆ ಮಾಡುವುದು ಕಷ್ಟ. ಆಕ್ಟ್‌ನಲ್ಲಿ ಅದಕ್ಕೆ ಇದ್ದ ಭಾಗವನ್ನು 2013ರಲ್ಲಿ ತೆಗೆದುಬಿಟ್ಟರು. ಆದರೂ ಪ್ರತಿ ಸಲ ಡೇಟಿಕ್ಸ್ (ಆಸ್ಪತ್ರೆಯೊಳಗಿನ ಘಟನೆ ವರದಿ) ಹಾಕಿ, ರೇಸ್ ಅಂತಲೇ ಬರೆದು. ಆ ದೂರನ್ನು ಮುಚ್ಚಿಹಾಕಿದವರು, ಅಥವಾ ದೂರು ಕೊಟ್ಟಿರಿ ಅಂತ ನಿಮ್ಮ ಮೇಲೆ ಹರಿಹಾಯ್ದವರು ಪೇಷಂಟ್ ಅಲ್ಲ, ಆಸ್ಪತ್ರೆಯ ನೌಕರರು. ಅವರ ನಡವಳಿಕೆಗೆ ಆಸ್ಪತ್ರೆಯೇ ಹೊಣೆ.

ಮೈಸೂರು_ಮಲ್ಲಿಗೆ

ನಮ್ಮವರ ಬಗ್ಗೆಯೂ ಒಂದು ಮಾತು. ನನಗೆ ಜಾಸ್ತಿ ನೋವು ಕೊಟ್ಟದ್ದು ಭಾರತದಿಂದಲೇ ಬಂದ ಸೀನಿಯರ್. ಬಿಳಿಯರ ಎದುರು ನನ್ನ ಇಂಗ್ಲಿಷ್ ತಿದ್ದಿ ತಾನು ಅವರಲ್ಲೊಬ್ಬಳು ಅಂತ ತೋರಿಸಿಕೊಳ್ಳುತ್ತಿದ್ದಳು. ಇದಕ್ಕೂ ಕೇಸ್ ಆಗುತ್ತದಾ? ಇನ್ನೊಂದು, ಸ್ಟಾಫ್ ರೂಮಿನಲ್ಲಿ ನಾವಿಬ್ಬರು ಕನ್ನಡ ಮಾತಾಡಿದರೆ ಇಂಗ್ಲಿಷ್‌ನಲ್ಲೇ ಮಾತಾಡಿ ಅಂತಾರೆ. ಇಟಲಿಯವರು ಅವರ ಭಾಷೆ ಮಾತಾಡಿದರೆ ಏನೂ ಅನ್ನಲ್ಲ.

ಹಳೇ_ರೆಪ್

ಒಂದೇ ದೇಶದವರು ಅನ್ನುವುದು ತಪ್ಪಿಸಿಕೊಳ್ಳುವ ದಾರಿ ಅಲ್ಲ, ಆಗುತ್ತದೆ. ಭಾಷೆ ವಿಷಯದಲ್ಲಿ ಪೇಷಂಟ್ ಹತ್ತಿರ, ಹ್ಯಾಂಡೋವರ್‌ನಲ್ಲಿ ಇಂಗ್ಲಿಷ್ ಕೇಳುವುದು ನ್ಯಾಯ, ಅಲ್ಲಿ ಜೀವದ ಪ್ರಶ್ನೆ. ಊಟದ ಬಿಡುವಿನಲ್ಲಿ ನಿಮಗೆ ಮಾತ್ರ ಹೇಳಿ ಇಟಲಿಯವರಿಗೆ ಹೇಳದಿದ್ದರೆ ಅದನ್ನು ಡೈರಿಯಲ್ಲಿ ಬರೆದಿಡಿ. ಆ ವ್ಯತ್ಯಾಸವೇ ನಿಮ್ಮ ಸಾಕ್ಷಿ. ಅನುಮಾನ ಬರುವಷ್ಟು ಸಂಗತಿ ನೀವು ಮುಂದಿಟ್ಟರೆ, ಕಾರಣ ರೇಸ್ ಅಲ್ಲ ಅಂತ ತೋರಿಸುವ ಹೊಣೆ ಆಸ್ಪತ್ರೆಗೆ ದಾಟುತ್ತದೆ.

ಬರ್ಮಿಂಗ್‌ಹ್ಯಾಂ_ಭಟ್ಟ

ಎಲ್ಲ ಸರಿ. ವೀಸಾ ಮಾತು ಯಾರೂ ಆಡುತ್ತಿಲ್ಲ. ಕೆಲಸ ಹೋದರೆ ಹೋಂ ಆಫೀಸ್ ಸಾಮಾನ್ಯವಾಗಿ ಕೊಡುವುದು 60 ದಿನ. ಅಷ್ಟರಲ್ಲಿ ಹೊಸ ಸ್ಪಾನ್ಸರ್ ಹುಡುಕಬೇಕು. ಊರಿನಲ್ಲಿ ಲೋನ್ ಇರುತ್ತದೆ, ಇಲ್ಲಿ ಮಕ್ಕಳ ಸ್ಕೂಲು ಇರುತ್ತದೆ. ಧೈರ್ಯ ಹೇಳುವುದು ಸುಲಭ.

ಕರಾವಳಿ_ಸಿಸ್ಟರ್

ಭಟ್ರೇ, ಇದನ್ನು ಒಪ್ಪುತ್ತೇನೆ. ಆ 60 ದಿನ ಎಲ್ಲರ ತಲೆಯಲ್ಲೂ ಇದೆ, ಮ್ಯಾನೇಜರ್‌ಗಳ ತಲೆಯಲ್ಲೂ ಇದೆ. ಆದರೆ ದೂರು ಕೊಟ್ಟದ್ದಕ್ಕೆ ವೀಸಾ ಹೋಗಲ್ಲ, ಕೆಲಸ ಹೋದರೆ ಹೋಗುತ್ತದೆ. ಮೆತ್ತಗೆ ಬರೆದವಳ ಮೇಲೂ ಪರ್ಫಾರ್ಮೆನ್ಸ್ ಪ್ಲಾನ್ ಬರುತ್ತಿದೆಯಲ್ಲ. ಅದು ಮುಗಿಯುವುದು ಎಲ್ಲಿ ಅಂತ ನಿಮಗೂ ಗೊತ್ತು. ಕಾಗದ ಇಲ್ಲದೆ ಅಲ್ಲಿಗೆ ಹೋಗಿ ನಿಲ್ಲುವುದಕ್ಕಿಂತ ಕಾಗದ ಇಟ್ಟುಕೊಂಡು ನಿಲ್ಲುವುದು ವಾಸಿ. ರಾಜೀನಾಮೆ ಮಾತ್ರ ಸಿಟ್ಟಿನಲ್ಲಿ ಕೊಡಬೇಡ ಹುಡುಗಿ. ಜೊತೆಗೆ ಬೇರೆ ಆಸ್ಪತ್ರೆಗಳಿಗೆ ಅರ್ಜಿ ಹಾಕುತ್ತಾ ಇರು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಬೆಳಗಾವಿ_ಕುಂದಾ

ಎನ್‌ಎಚ್‌ಎಸ್‌ನಂಥ ದೊಡ್ಡ ಸಂಸ್ಥೆ ವಿರುದ್ಧ ನರ್ಸ್ ಗೆದ್ದದ್ದು ಉಂಟಾ?

ಕರಾವಳಿ_ಸಿಸ್ಟರ್

ಉಂಟು. ಮಿಷೆಲ್ ಕಾಕ್ಸ್, ಕಪ್ಪು ಜನಾಂಗದ ಸೀನಿಯರ್ ನರ್ಸ್. 2023ರಲ್ಲಿ ಮ್ಯಾಂಚೆಸ್ಟರ್ ಟ್ರಿಬ್ಯೂನಲ್‌ನಲ್ಲಿ ಎನ್‌ಎಚ್‌ಎಸ್ ಇಂಗ್ಲೆಂಡ್ ವಿರುದ್ಧವೇ ಗೆದ್ದರು. ತಾರತಮ್ಯ, ಹ್ಯಾರಾಸ್‌ಮೆಂಟ್, ವಿಕ್ಟಿಮೈಸೇಷನ್ ಮೂರರಲ್ಲೂ. ಅವರಿಗೆ ಯಾರೂ ಮುಖಕ್ಕೆ ಹೊಡೆದಂತೆ ಬೈದಿರಲಿಲ್ಲ. ಅವರು ಬರಲು ಆಗದ ದಿನ ನೋಡಿ ಟೀಮಿನ ಕಾರ್ಯಕ್ರಮ ಇಡುವುದು, ಅವರನ್ನು ಹೊರಗಿಡುವುದು, ಇಂಥವು. ನಮ್ಮಲ್ಲಿ ಎಷ್ಟು ಜನ ಇದನ್ನು 'ಏನೋ ಮರೆತಿರಬೇಕು ಬಿಡು' ಅಂತ ಬಿಟ್ಟಿದ್ದೇವೆ.

ವಾರ್ಡ್_ಡಾಕ್ಟರು

ಫೀಸ್ ಎಷ್ಟು ಕಟ್ಟಬೇಕು ಅಂತ ಯಾರೋ ಮೆಸೇಜ್ ಮಾಡಿ ಕೇಳಿದರು. ಟ್ರಿಬ್ಯೂನಲ್‌ಗೆ ಫೀಸ್ ಇಲ್ಲ. 2013ರಲ್ಲಿ ತಂದಿದ್ದರು, ಯೂನಿಸನ್ ಯೂನಿಯನ್ ಕೋರ್ಟಿಗೆ ಹೋಗಿ 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದು ಹಾಕಿತು. ವಕೀಲರ ಖರ್ಚು ಬೇರೆ.

ಹಳೇ_ರೆಪ್

ಅದಕ್ಕೇ ಯೂನಿಯನ್ ಬೇಕು. ಇಲ್ಲಿ ಓದುತ್ತಿರುವ, ಇನ್ನೂ ಸೇರದವರೆಲ್ಲ ಇವತ್ತು ಸೇರಿ. ತೊಂದರೆ ಶುರುವಾದ ಮೇಲೆ ಸೇರಿದರೆ ಹಳೇ ತೊಂದರೆಗೆ ಅವರ ವಕೀಲರು ಸಾಮಾನ್ಯವಾಗಿ ಸಿಗಲ್ಲ.

ಹಾಸನದ_ಹುಡುಗಿ

ನಾನು ಆರ್‌ಸಿಎನ್ (ನರ್ಸ್‌ಗಳ ಯೂನಿಯನ್) ಮೆಂಬರ್, ಬಂದ ತಿಂಗಳೇ ಆಗಿದ್ದೆ, ಸದ್ಯ. ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಬರೆದೆ, ಹಳೇ ರೆಪ್ ಸರ್ ಹೇಳಿದ ವಾಕ್ಯ ಮೊದಲಿಗೇ ಹಾಕಿದೆ. ಎರಡನೇ ಪ್ಯಾರಾದಲ್ಲಿ ಪೊಟ್ಯಾಷಿಯಂ ರಿಸಲ್ಟ್ ಕತೆ ಬರೆದೆ, ಪೇಷಂಟ್ ಹೆಸರು ಇಲ್ಲದೆ. ಎಚ್‌ಆರ್, ಮೇಟ್ರನ್ ಇಬ್ಬರಿಗೂ ಕಳಿಸಿದ್ದೇನೆ. ಮಧ್ಯಾಹ್ನವೇ ಉತ್ತರ ಬಂತು, ಪ್ಲಾನ್ ಸದ್ಯಕ್ಕೆ ತಡೆಹಿಡಿದಿದ್ದೇವೆ, ಗ್ರೀವನ್ಸ್ ಮೀಟಿಂಗಿಗೆ ಬನ್ನಿ ಅಂತ. ನನ್ನ ಗಂಡ ಜೊತೆಗೆ ಬರಬಹುದಾ? ಇನ್ನೊಂದು, ನನ್ನ ಬಗ್ಗೆ ಅವರು ಒಬ್ಬರಿಗೊಬ್ಬರು ಮಾಡಿದ ಇಮೇಲ್ ಕೇಳಬಹುದಂತೆ, ಹೌದಾ?

ಹಳೇ_ರೆಪ್

ಗಂಡ ಹಕ್ಕಿನಿಂದ ಬರಲು ಆಗಲ್ಲ, ಅವರು ಒಪ್ಪಿದರೆ ಮಾತ್ರ. ಸಹೋದ್ಯೋಗಿ ಅಥವಾ ಯೂನಿಯನ್‌ನವರನ್ನು ಕರೆದುಕೊಂಡು ಹೋಗುವುದು ನಿಮ್ಮ ಹಕ್ಕು. ರೆಪ್ ಆ ದಿನ ಬಿಡುವಿಲ್ಲ ಅಂದರೆ ಹತ್ತಿರದ ಇನ್ನೊಂದು ದಿನ ಕೇಳಿ.

ಇಮೇಲ್ ಹೌದು. ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್ ಅಂತ ಒಂದು ಸಾಲು ಬರೆದರೆ ಸಾಕು, ದುಡ್ಡಿಲ್ಲ. ಒಂದು ತಿಂಗಳಲ್ಲಿ ಕೊಡಬೇಕು, ಜಟಿಲ ಅಂದರೆ ಇನ್ನೆರಡು ತಿಂಗಳು ತೆಗೆದುಕೊಳ್ಳಬಹುದು. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ, ಇಂಥವರ ನಡುವಿನ ಇಮೇಲ್ ಮತ್ತು ಟೀಮ್ಸ್ ಮೆಸೇಜ್ ಅಂತ ಹೆಸರು ಹಾಕಿ ಕೇಳಿ, ಇಲ್ಲದಿದ್ದರೆ ನಿಮ್ಮ ಸಂಬಳದ ಚೀಟಿಗಳನ್ನೆಲ್ಲ ಕಟ್ಟಿ ಕಳಿಸುತ್ತಾರೆ. ಟ್ರೈನಿಂಗ್ ಪಟ್ಟಿಯಿಂದ ಹೆಸರು ತೆಗೆದ ದಿನದ್ದನ್ನು ಮರೆಯದೆ ಸೇರಿಸಿ. ಮೊದಲ ಘಟನೆಯ ತಾರೀಖು ನನಗೆ ಮೆಸೇಜ್ ಮಾಡಿ, ಏಕಾಸ್ ಗಡುವು ಒಟ್ಟಿಗೆ ಲೆಕ್ಕ ಹಾಕೋಣ.